ಹನ್ನೆರಡು ಗೆರೆಗಳು

ಮೂರನೆಯ ಸಲ ಎಣಿಸಿದೆ. ಹನ್ನೆರಡೇ.

ಭೂತಗನ್ನಡಿಯನ್ನು ಪಕ್ಕಕ್ಕಿಟ್ಟು ಕಣ್ಣುಜ್ಜಿಕೊಂಡೆ. ಮೇಜಿನ ಮೇಲೆ ಹಾಸಿದ ಬಿಳಿ ಬಟ್ಟೆಯಲ್ಲಿ ಉಕ್ಕಿನ ರಾಡ್ ಎರಡು ತುಂಡಾಗಿ ಮಲಗಿತ್ತು. ಹದಿನಾರು ದಿನದ ಹಿಂದೆ, ಗುರುವಾರ ಬೆಳಿಗ್ಗೆ, ಸರಕು ವಿಮಾನ ನೆಲ ಬಿಟ್ಟು ಎರಡು ನಿಮಿಷವೂ ಆಗಿರಲಿಲ್ಲ. ಎಡ ಎಂಜಿನ್ನಿನೊಳಗೆ ಈ ರಾಡ್ ಮುರಿದು, ಎಂಜಿನ್ನಿನ ಹೊಟ್ಟೆ ಸೀಳಿಕೊಂಡು ಹೊರಗೆ ಬಂತು. ವಿಮಾನ ಹೊಲಕ್ಕೆ ಬಿತ್ತು. ಕ್ಯಾಪ್ಟನ್ ಸತ್ತಳು.

ಆ ಕ್ಯಾಪ್ಟನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಹ್ಯಾಂಗರ್ ಸುತ್ತಿಸಿದವನು ನಾನು. ಲೋಕಕ್ಕೆ ಕ್ಯಾಪ್ಟನ್, ನಮಗೆ ಪುಟ್ಟಿ. ನನ್ನನ್ನು ಮಾಮ ಅನ್ನುತ್ತಿದ್ದಳು. ಅವಳಪ್ಪ ಈ ಹ್ಯಾಂಗರಿನ ದೊಡ್ಡ ಮೇಸ್ತ್ರಿ, ಹದಿನೇಳನೆಯ ವಯಸ್ಸಿನಲ್ಲಿ ನನ್ನ ಕೈಗೆ ಮೊದಲ ಸ್ಪ್ಯಾನರ್ ಕೊಟ್ಟ ಗುರು. ಅವಳಮ್ಮ ಇಲ್ಲೇ ಸರಕಿನ ಬಲೆ ಹೊಲಿಯುವವಳು, ನನಗೆ ಅಕ್ಕ. ಇಷ್ಟು ಹತ್ತಿರದವನು ಈ ಅಪಘಾತದ ಸರ್ಕಾರಿ ತನಿಖೆ ಮಾಡಲೇಬಾರದು. ಮೇಲಿನವರಿಗೆ ಹೇಳಿದೆ. ಈ ಹಳೇ ಕಾಲದ ಗುಂಡು ಎಂಜಿನ್ ಬಿಚ್ಚಿ ಓದೋಕೆ ಬರೋರು ಇಲಾಖೆಯಲ್ಲಿ ನೀವೊಬ್ಬರೇ ಉಳಿದಿರೋದು, ಹೋಗಿ ಅಂದರು. ಬಂದೆ. ಬರಬಾರದಿತ್ತು.

ಕಂಪನಿಯ ಮ್ಯಾನೇಜರ್ ಬಾಗಿಲು ತಟ್ಟದೆ ಒಳಗೆ ಬಂದ. ಬಾಗಿಲು ತಟ್ಟುವುದನ್ನು ಅವನಿಗೆ ಯಾರೂ ಕಲಿಸಿಲ್ಲ.

"ಆಯ್ತಾ ಸಾರ್? ಐದು ಗಂಟೆಗೆ ವರದಿ ಹೋಗ್ಬೇಕು. ಒಂದೇ ಒಂದು ಸಾಲು ಬಾಕಿ ಇಟ್ಕೊಂಡಿದ್ದೀರಿ."

ಆ ಒಂದು ಸಾಲಿನ ತಲೆಬರಹ 'ಸಂಭವನೀಯ ಕಾರಣ'. ನೂರಿಪ್ಪತ್ತು ಪುಟದ ವರದಿಯಲ್ಲಿ ಜನ ಓದುವುದು ಅದೊಂದನ್ನೇ. ಅದರ ಕೆಳಗೆ ಏನು ಬರೆದರೂ ಅದು ಸತ್ತವರ ಮೈಗೆ ಅಂಟಿಕೊಂಡುಬಿಡುತ್ತದೆ.

"ಬರೆಯೋದಕ್ಕೆ ಏನಿದೆ ಅದರಲ್ಲಿ?" ಎಂದ ಮ್ಯಾನೇಜರ್, ಕುರ್ಚಿ ಎಳೆದುಕೊಂಡು. "ಎಂಜಿನ್ ಕೆಟ್ಟರೆ ನೇರ ಹೋಗ್ಬೇಕು. ಇವಳು ವಾಪಸ್ ತಿರುಗಿಸಿದ್ಲು. ವೇಗ ಬಿತ್ತು, ವಿಮಾನ ಬಿತ್ತು. ಒಳ್ಳೇ ಹುಡುಗಿ, ಇಲ್ಲ ಅನ್ನಲ್ಲ. ಆದ್ರೂ ತಪ್ಪು ತಪ್ಪೇ ಅಲ್ವಾ?"

"ಆದರೆ" ಎಂದೆ.

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ಇಲಾಖೆಯಲ್ಲಿ ನನ್ನನ್ನು ಬೆನ್ನ ಹಿಂದೆ 'ಆದರೆ ಸಾಹೇಬ' ಅನ್ನುತ್ತಾರೆ. ಯಾರು ಏನೇ ಹೇಳಲಿ, ನನ್ನ ಬಾಯಿಂದ ಮೊದಲು ಹೊರಡುವುದು ಆ ಮಾತೇ. ಅನ್ನಲಿ ಬಿಡಿ. ಆ ಒಂದು ಮಾತಿಗೇ ಸರ್ಕಾರ ಇಪ್ಪತ್ತೆಂಟು ವರ್ಷ ನನ್ನನ್ನು ಸಾಕಿದೆ.

ಮೇಜಿನ ಖಾನೆಯಿಂದ ಎರಡು ವಸ್ತು ತೆಗೆದೆ. ಮೊದಲನೆಯದು ಆಸ್ಪತ್ರೆಯಿಂದ ತಂದ ನೋಟ್‌ಬುಕ್ಕಿನ ಹಾಳೆ. ಕೋ-ಪೈಲಟ್ ಬದುಕಿದ್ದಾನೆ, ಆದರೆ ದವಡೆ ಮುರಿದು ತಂತಿ ಹಾಕಿದ್ದಾರೆ, ಮಾತಾಡಲಾರ. ಅದರಲ್ಲಿ ಬರೆದುಕೊಟ್ಟಿದ್ದ: 'ತಿರುಗಿಸಲಿಲ್ಲ. ಅದೇ ಎಳೆಯಿತು.'

ಎರಡನೆಯದು ಪುಟ್ಟಿಯ ಬಲಗಾಲಿನ ಬೂಟು.

"ಇದರ ತಳ ನೋಡಿ" ಎಂದೆ.

ಮ್ಯಾನೇಜರ್ ಮುಟ್ಟಲಿಲ್ಲ. ಬಗ್ಗಿ ನೋಡಿದ. ದಪ್ಪ ರಬ್ಬರಿನ ತಳದಲ್ಲಿ ಬಲ ಪೆಡಲಿನ ಹಲ್ಲುಗಳು ಸಾಲಾಗಿ ಅಚ್ಚೊತ್ತಿದ್ದವು.

"ಕೆಟ್ಟ ಎಂಜಿನ್ನಿನ ಪ್ರೊಪೆಲರ್ ಸುತ್ತೋದನ್ನ ನಿಲ್ಲಿಸ್ಬೇಕು. ಬ್ಲೇಡಿನ ಅಂಚು ಗಾಳಿಗೆ ಎದುರಾಗೋ ಹಾಗೆ ಹೊರಳಿಸಿ ನಿಲ್ಲಿಸ್ಬೇಕು. ಅದಕ್ಕೆ ಗುಂಡಿ ಇದೆ, ಅವಳು ಒತ್ತಿದ್ಲು. ಆದರೆ ಆ ಕೆಲಸ ಆಗೋದು ಆಯಿಲ್ ಒತ್ತಡದಲ್ಲಿ. ಈ ರಾಡ್ ಆಯಿಲ್ಲನ್ನೆಲ್ಲ ಹೊರಗೆ ಚೆಲ್ಲಿಬಿಟ್ಟಿತ್ತು. ಬ್ಲೇಡ್ ಹೊರಳಲಿಲ್ಲ, ಗಾಳಿಗೆ ಅಡ್ಡಡ್ಡ ಸುತ್ತುತ್ತಾ ವಿಮಾನಾನ ಎಡಕ್ಕೆ ಎಳೀತು. ಅವಳು ಎಲ್ಲೂ ತಿರುಗಿಸಲಿಲ್ಲ. ನೇರ ಹೋಗೋಕೆ ಬಲ ಪೆಡಲ್ ಮೇಲೆ ಮೈಭಾರವೆಲ್ಲ ಹಾಕಿ ನಿಂತಿದ್ಲು. ನೆಲಕ್ಕೆ ಬೀಳೋ ತನಕ ಕಾಲು ತೆಗೀಲಿಲ್ಲ."

ಬೂಟನ್ನು ಮತ್ತೆ ಖಾನೆಯಲ್ಲಿಟ್ಟೆ. ಲೇಸನ್ನು ಅವಳು ಎರಡು ಗಂಟು ಹಾಕಿದ್ದಳು. ಚಿಕ್ಕಂದಿನಲ್ಲಿ ಹಾಗೆ ಕಟ್ಟಲು ಕಲಿಸಿದವನು ನಾನೇ.

"ಹಾಗಾದ್ರೆ ಯಾರ ಹೆಸರು ಬರೀತೀರಿ?"

"ಗೊತ್ತಾದಾಗ ಬರೀತೀನಿ. ಸತ್ತವಳ ತಲೆ ಮೇಲೆ ಗೂಬೆ ಕೂರಿಸೋದು ಸುಲಭ ಮ್ಯಾನೇಜರೇ. ಎದ್ದು ಬಂದು ಜಗಳ ಆಡಲ್ಲ ನೋಡಿ."

"ಐದು ಗಂಟೆ" ಎಂದು ಅವನು ಎದ್ದ. "ಆ ಜಾಗ ಖಾಲಿ ಇದ್ರೆ ಕಂಪನಿಯ ವಕೀಲರು ತುಂಬ್ತಾರೆ. ಆಮೇಲೆ ನನ್ನನ್ನ ಬಯ್ಯಬೇಡಿ."

ಅವನು ಹೋದ ಮೇಲೆ ಮತ್ತೆ ಭೂತಗನ್ನಡಿ ಹಿಡಿದೆ. ಮುರಿದ ಉಕ್ಕು ಸುಳ್ಳು ಹೇಳುವುದಿಲ್ಲ. ಈ ರಾಡ್ ಗುರುವಾರ ಒಂದೇ ಏಟಿಗೆ ಮುರಿದದ್ದಲ್ಲ. ಯಾವತ್ತೋ ಒಂದು ದಿನ ಕೂದಲೆಳೆಯಷ್ಟು ಬಾಗಿದೆ. ಆಮೇಲೆ ಪ್ರತಿ ಸಲ ಎಂಜಿನ್ ಸ್ಟಾರ್ಟ್ ಆದಾಗಲೂ ಬಿರುಕು ಅಷ್ಟಷ್ಟು ಮುಂದೆ ಸರಿದು ಒಂದೊಂದು ಗೆರೆ ಬಿಟ್ಟಿದೆ, ಕೊಯ್ದ ಮರದ ಉಂಗುರದ ಹಾಗೆ. ಹನ್ನೆರಡು ಗೆರೆ ಅಂದರೆ ಹನ್ನೆರಡು ಸ್ಟಾರ್ಟ್. ಹದಿಮೂರನೆಯದಕ್ಕೆ ಕಳಚಿಕೊಂಡಿದೆ.

ವಿಮಾನ ದಿನಕ್ಕೆ ಒಂದು ಸಲ ಹೋಗಿ ಬರುತ್ತದೆ. ಎರಡು ಸ್ಟಾರ್ಟ್. ಹಾಗಾದರೆ ಆರು ದಿನ. ಗುರುವಾರದಿಂದ ಹಿಂದೆ ಎಣಿಸಿದರೆ ಶುಕ್ರವಾರ ಬೆಳಿಗ್ಗೆ.

ದಿನಾ ಬೆಳಗಿನ ತಪಾಸಣೆ ಬರೆಯುವ ರಿಜಿಸ್ಟರಿನಲ್ಲಿ ಆ ಶುಕ್ರವಾರದ ಪುಟ ತೆಗೆದೆ. 'ಎಡ ಎಂಜಿನ್. ಪ್ರೊಪೆಲರ್ ಒಂಬತ್ತು ಬ್ಲೇಡ್ ಕೈಯಲ್ಲಿ ತಿರುಗಿಸಿದೆ. ಸಲೀಸು.' ಕೆಳಗೆ ಸಹಿ. ಆ ಸಹಿಯನ್ನು ನಾನು ಕತ್ತಲಲ್ಲೂ ಗುರುತು ಹಿಡಿಯುತ್ತೇನೆ. ದೊಡ್ಡ ಮೇಸ್ತ್ರಿಯದು.

ರಿಜಿಸ್ಟರ್ ಮುಚ್ಚಿದೆ.

ಮೂರು ದಿನದ ಹಿಂದೆ ಮೇಸ್ತ್ರಿ ಈ ಕೋಣೆಗೆ ಬಂದಿದ್ದರು. ರಾಡ್ ನೋಡಬೇಕು ಅಂದರು. ಭೂತಗನ್ನಡಿ ಕೊಟ್ಟೆ. ಬಹಳ ಹೊತ್ತು ಬಗ್ಗಿ ನೋಡಿದರು, ತುಟಿ ಸಣ್ಣಗೆ ಅಲುಗುತ್ತಿತ್ತು. ಆಮೇಲೆ ಅದನ್ನು ಕೆಳಗಿಟ್ಟು ಒಂದು ಲೋಟ ನೀರು ಕೇಳಿದರು. ಅದಾದ ಮೇಲೆ ನನ್ನ ಕಣ್ಣು ತಪ್ಪಿಸುತ್ತಿದ್ದಾರೆ. ಮಗಳನ್ನು ಕಳೆದುಕೊಂಡವರು, ಇರಲಿ ಅಂದುಕೊಂಡಿದ್ದೆ. ಈಗ ಹೊಳೆಯಿತು. ಆ ಹೊತ್ತು ಅವರ ತುಟಿ ಅಲುಗುತ್ತಿದ್ದದ್ದು ಎಣಿಸುವುದಕ್ಕೆ.

ಖಾನೆಯಲ್ಲಿ ಇನ್ನೊಂದು ವಸ್ತು ಇತ್ತು. ಮೇಸ್ತ್ರಿಯ ಕಪಾಟಿನಲ್ಲಿ, ಆಯಿಲ್ ಡಬ್ಬಗಳ ಹಿಂದೆ ಸಿಕ್ಕಿದ್ದು. ದಪ್ಪ ಕ್ಯಾನ್ವಾಸಿನ ಉದ್ದನೆಯ ಟೋಪಿ, ಅದರ ತುದಿಗೆ ಒಂದು ಹಗ್ಗ, ಹಗ್ಗದ ಕೊನೆಗೆ ಕೈ ತೂರಿಸುವ ಕುಣಿಕೆ. ಬ್ಲೇಡಿನ ತುದಿಗೆ ಟೋಪಿ ಹಾಕಿ ಕೆಳಗಿನಿಂದ ಹಗ್ಗ ಎಳೆದರೆ, ಕೈ ಎಟುಕದವರೂ ಪ್ರೊಪೆಲರ್ ತಿರುಗಿಸಬಹುದು. ಮೇಣ ಸವರಿದ ದಾರ, ಜೋಡಿ ಹೊಲಿಗೆ. ಅದು ಅಕ್ಕನ ಹೊಲಿಗೆ. ಹ್ಯಾಂಗರಿನ ಯಾರೋ ಕುಳ್ಳನಿಗೆಂದು ಹೊಲಿದುಕೊಟ್ಟಿರಬೇಕು ಅಂದುಕೊಂಡು ಅಷ್ಟಕ್ಕೇ ಬಿಟ್ಟಿದ್ದೆ.

ಈಗ ಆ ಕುಣಿಕೆಯೊಳಗೆ ನನ್ನ ಕೈ ತೂರಿಸಿ ನೋಡಿದೆ. ನಾಲ್ಕು ಬೆರಳು ಹೋಗಿ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು.

ಟೋಪಿಯನ್ನೂ ರಿಜಿಸ್ಟರನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಗಂಟೆ ಮೂರಾಗುತ್ತಿತ್ತು.

ಹ್ಯಾಂಗರಿಗೆ ಹೋಗುವ ದಾರಿಯಲ್ಲಿ ಬಲೆ ಹೊಲಿಯುವ ಶೆಡ್ ಸಿಗುತ್ತದೆ. ಅಕ್ಕ ಅಲ್ಲಿ ಇರಲಿಲ್ಲ. ಅರ್ಧ ಹೊಲಿದ ಬಲೆ ಮೊಳೆಗೆ ನೇತಾಡುತ್ತಿತ್ತು.

ಅಪಘಾತದ ದಿನ ಅಕ್ಕ ಅತ್ತಿರಲಿಲ್ಲ. ನನ್ನ ತೋಳು ಹಿಡಿದು ಒಂದೇ ಒಂದು ಮಾತು ಕೇಳಿದ್ದಳು: "ನನ್ನ ಬಲೆ ಹರಿದಿತ್ತಾ?" ಬಲೆ ಹರಿದು ಸರಕು ಹಿಂದಕ್ಕೆ ಜಾರಿದರೆ ವಿಮಾನದ ಮೂತಿ ಎದ್ದು ಬೀಳುತ್ತದೆ. ಹಾಗೆ ಬಿದ್ದ ವಿಮಾನಗಳಿವೆ. ಮೂವತ್ತು ವರ್ಷ ಬಲೆ ಹೊಲಿದವಳಿಗೆ ಅದು ಗೊತ್ತಿಲ್ಲದ ವಿಷಯವಲ್ಲ. ನಾನು ಹೊಲಕ್ಕೆ ಹೋಗಿ ನೋಡಿದೆ. ಅವತ್ತಿನ ಸರಕು ಒಂದು ದಿನದ ಕೋಳಿಮರಿಗಳು, ಎರಡು ಸಾವಿರ. ಪೆಟ್ಟಿಗೆಗಳ ಮೇಲೆ ಬಲೆ ಇದ್ದ ಹಾಗೆಯೇ ಬಿಗಿದುಕೊಂಡಿತ್ತು. ಮುಕ್ಕಾಲು ಪಾಲು ಮರಿಗಳು ಬದುಕಿದ್ದವು, ಪೆಟ್ಟಿಗೆಯೊಳಗಿಂದ ಚಿಲಿಪಿಲಿ ಅನ್ನುತ್ತಿದ್ದವು. ಆ ಸದ್ದು ಈಗಲೂ ನನ್ನ ಕಿವಿ ಬಿಟ್ಟಿಲ್ಲ. ತಾಯಿ ಹೊಲಿದ ಬಲೆ ಕೋಳಿಮರಿಗಳನ್ನು ಉಳಿಸಿತು. ಮುಂದಿನ ಸೀಟಿನಲ್ಲಿದ್ದ ಮಗಳನ್ನು ಉಳಿಸುವುದಕ್ಕೆ ಅಲ್ಲಿ ಬಲೆ ಇರಲಿಲ್ಲ.

ವಾಪಸ್ ಬಂದು ಹೇಳಿದೆ: "ಒಂದು ಗಂಟೂ ಬಿಚ್ಚಿಲ್ಲ ಅಕ್ಕ. ನಿನ್ನದು ಎಳ್ಳಷ್ಟೂ ತಪ್ಪಿಲ್ಲ."

ಆಗ ಅತ್ತಳು.

ನಿನ್ನೆ ಸಂಜೆ ಮತ್ತೆ ಬಂದಿದ್ದಳು. ಕಣ್ಣೀರೆಲ್ಲ ಬತ್ತಿಹೋಗಿತ್ತು. "ಪುಟ್ಟಿ ತಪ್ಪು ಮಾಡಿದ್ಲು ಅಂತ ಕಂಪನಿಯೋರು ಹೇಳ್ಕೊಂಡು ತಿರುಗ್ತಿದ್ದಾರೆ. ನೀನು ಕಂಡುಹಿಡಿ. ನನ್ನ ಮಗಳನ್ನ ಕೊಂದೋರು ಯಾರು ಅಂತ ನನಗೆ ಗೊತ್ತಾಗ್ಬೇಕು. ಯಾರೇ ಆಗಿರಲಿ, ತಂದು ನನ್ನ ಮುಂದೆ ನಿಲ್ಲಿಸು."

"ನಿಲ್ಲಿಸ್ತೀನಿ" ಅಂದಿದ್ದೆ. ಮಾತು ಕೊಟ್ಟಾಗಿತ್ತು.

ಹ್ಯಾಂಗರಿನಲ್ಲಿ ಜೋಡಿ ವಿಮಾನ ಒಂದೇ ನಿಂತಿತ್ತು. ಬಿದ್ದದ್ದು, ಇದು, ಎರಡೂ ಒಂದೇ ವರ್ಷ ಕಂಪನಿಗೆ ಬಂದವು. ಇದರ ಎಡ ಎಂಜಿನ್ನಿನ ಕೆಳಗೆ, ಮಗುಚಿ ಹಾಕಿದ ಪೆಟ್ಟಿಗೆಯ ಮೇಲೆ ಮೇಸ್ತ್ರಿ ಕೂತಿದ್ದರು. ಕೈಯಲ್ಲಿ ಆಯಿಲ್ ಒರೆಸುವ ಬಟ್ಟೆ. ಒರೆಸುವುದಕ್ಕೆ ಏನೂ ಇರಲಿಲ್ಲ, ಸುಮ್ಮನೆ ಮಡಚಿ ಬಿಚ್ಚುತ್ತಿದ್ದರು.

"ಬಾರೋ" ಎಂದರು. "ಎಣಿಸಿದೆಯಾ?"

"ಎಣಿಸಿದೆ. ಹನ್ನೆರಡು."

"ನಾನೂ ಅಷ್ಟೇ ಎಣಿಸಿದೆ."

ತಗಡಿನ ಛಾವಣಿ ಬಿಸಿಲಿಗೆ ಟಕ್ ಟಕ್ ಅನ್ನುತ್ತಿತ್ತು.

ಈ ಗುಂಡು ಎಂಜಿನ್ನಿನ ಗುಣ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಇದರ ಸಿಲಿಂಡರುಗಳು ಹೂವಿನ ಎಸಳಿನ ಹಾಗೆ ಸುತ್ತ ಇರುತ್ತವೆ. ರಾತ್ರಿಯಿಡೀ ನಿಂತರೆ ಕೆಳಗಿನ ಸಿಲಿಂಡರಿಗೆ ಆಯಿಲ್ ಇಳಿದು ತುಂಬಿಕೊಳ್ಳುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಆಯಿಲ್ ಕುಗ್ಗುವುದಿಲ್ಲ, ಪಿಸ್ಟನ್ ಅದಕ್ಕೆ ಗುದ್ದಿ ಅದರ ಹಿಂದಿನ ರಾಡ್ ಬಾಗುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಮೊದಲು ಕೈಯಲ್ಲಿ ಪ್ರೊಪೆಲರ್ ತಿರುಗಿಸಿ ನೋಡಬೇಕು. ಒಂಬತ್ತು ಬ್ಲೇಡ್, ಅಂದರೆ ಮೂರು ಪೂರ್ತಿ ಸುತ್ತು. ಎಲ್ಲಾದರೂ ಬಿಗಿಯಾಗಿ ಸಿಕ್ಕಿಕೊಂಡರೆ ಅಲ್ಲೇ ನಿಲ್ಲಿಸಿ, ಕೆಳಗಿನ ಪ್ಲಗ್ ಬಿಚ್ಚಿ, ಆಯಿಲ್ ಬಸಿದುಬಿಡಬೇಕು. ಅರ್ಧ ಗಂಟೆಯ ಕೆಲಸ.

ಇನ್ನೊಂದು ದಾರಿ ಇದೆ. ಸಿಕ್ಕಿಕೊಂಡ ಪ್ರೊಪೆಲರನ್ನು ಸ್ವಲ್ಪ ಹಿಂದಕ್ಕೆ ತಳ್ಳಿಬಿಡುವುದು. ಆಗ ಆಯಿಲ್ ಪಕ್ಕದ ಕೊಳವೆಗೆ ಸರಿಯುತ್ತದೆ, ಪ್ರೊಪೆಲರ್ ಸಲೀಸಾಗಿ ತಿರುಗುತ್ತದೆ, ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಸ್ಟಾರ್ಟ್ ಮಾಡಿದ ತಕ್ಷಣ ಅದೇ ಆಯಿಲ್ ವಾಪಸ್ ಸಿಲಿಂಡರಿಗೆ ಬಂದು ರಾಡ್ ಬಗ್ಗಿಸುತ್ತದೆ. ಎಂಜಿನ್ ಮಾತ್ರ ಏನೂ ಆಗದವರ ಹಾಗೆ ಓಡುತ್ತಿರುತ್ತದೆ.

ಈ ಹ್ಯಾಂಗರಿಗೆ ಕಾಲಿಟ್ಟ ಮೊದಲ ದಿನ ನಾನು ಕಲಿತ ಪಾಠ ಇದೇ. "ಹಿಂದಕ್ಕೆ ತಿರುಗಿಸಿದೆಯೋ, ಕೈ ಮುರೀತೀನಿ" ಅಂತ ಮೇಸ್ತ್ರಿ ಕಿವಿ ಹಿಂಡಿ ಹೇಳಿದ್ದರು. ಮೂವತ್ತೈದು ವರ್ಷದಲ್ಲಿ ಅವರ ಕೈಕೆಳಗೆ ಬಂದ ಪ್ರತಿಯೊಬ್ಬನ ಕಿವಿಗೂ ಆ ಯೋಗ ಒದಗಿದೆ.

"ಶುಕ್ರವಾರ ತಿರುಗಿಸಿದ್ದು ಯಾರು ಮೇಸ್ತ್ರಿ?"

"ರಿಜಿಸ್ಟರ್ ನೋಡಿಲ್ವಾ? ನಾನೇ."

"ಸಿಕ್ಕಿಕೊಂಡಿತಾ?"

"ಹೂಂ. ಹಿಂದಕ್ಕೆ ತಳ್ಳಿದೆ. ಹೊತ್ತಾಗಿತ್ತು." ಅವರು ನನ್ನ ಮುಖ ನೋಡಲಿಲ್ಲ. "ಬರ್ಕೋ. ದೊಡ್ಡ ಮೇಸ್ತ್ರಿ ಹಿಂದಕ್ಕೆ ತಿರುಗಿಸಿದ, ರಾಡ್ ಬಾಗಿತು, ಅವನ ಮಗಳು ಸತ್ತಳು. ಮುಗೀತಲ್ಲ."

ಕಡ್ಡಿ ತುಂಡು ಮಾಡಿದ ಹಾಗೆ ಹೇಳಿ ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. ಮೂವತ್ತೈದು ವರ್ಷದ ಗುರು ಎದುರಿಗೆ ಕೂತು ಹಸಿ ಸುಳ್ಳು ಹೇಳುತ್ತಿದ್ದರು. ಅದೂ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

"ಆದರೆ" ಎಂದೆ.

"ಶುರು ಮಾಡಿದೆಯಾ ನಿನ್ನ ಆದರೆ."

"ಎದ್ದೇಳಿ. ಈ ಪ್ರೊಪೆಲರ್ ತಿರುಗಿಸಿ ತೋರಿಸಿ."

"ಈಗ್ಯಾಕೆ?"

"ಒಂದೇ ಬ್ಲೇಡ್."

ಎದ್ದರು. ಬ್ಲೇಡಿನ ಕೆಳಗೆ ಹೋಗಿ ನಿಂತರು. ಎಡಗೈ ಎತ್ತಿ ಬ್ಲೇಡಿನ ಮೇಲಿಟ್ಟರು. ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಹಲ್ಲು ಕಚ್ಚಿ ಇನ್ನೊಂದಿಷ್ಟು ಎತ್ತಲು ನೋಡಿದರು. ಹಣೆಯಲ್ಲಿ ಬೆವರು ಮೂಡಿತು, ಕೈ ಮೇಲೇರಲಿಲ್ಲ. ಒಂದು ಕಾಲದಲ್ಲಿ ಈ ಕೈ ಒಂದೇ ಎಳೆತಕ್ಕೆ ಮೂರು ಬ್ಲೇಡ್ ತಿರುಗಿಸುತ್ತಿತ್ತು.

ನೋಡಲಾಗಲಿಲ್ಲ. ಹೋಗಿ ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದೆ.

"ಎಷ್ಟು ದಿನ ಆಯ್ತು?"

"ಒಂದು ವರ್ಷದ ಮೇಲಾಯ್ತು." ಮತ್ತೆ ಪೆಟ್ಟಿಗೆಯ ಮೇಲೆ ಕೂತರು. "ಭುಜ ಕಲ್ಲಾಗಿದೆ. ಡಾಕ್ಟರು ಇಷ್ಟೇ ಅಂದ್ರು. ಹೇಳಿದ್ರೆ ಮನೆಗೆ ಕಳಿಸ್ತಾರೆ. ಮನೇಲಿ ಕೂತು ನಾನು ಏನು ಮಾಡ್ಲಿ? ಗೋಡೆ ನೋಡ್ಲಾ?"

"ಸಹಿ ಹಾಕೋನೇ ತಿರುಗಿಸ್ಬೇಕು ಅಂತ ನಿಯಮ."

"ನನಗೇ ನಿಯಮ ಹೇಳಿಕೊಡ್ತೀಯಾ? ಬರೆದೋನೇ ನಾನು."

"ಹಾಗಾದ್ರೆ ಒಂದು ವರ್ಷದಿಂದ ಯಾರು ತಿರುಗಿಸ್ತಿದ್ರು?"

ಅವರು ಬಟ್ಟೆ ಕೈಗೆತ್ತಿಕೊಂಡರು. ಆಮೇಲೆ ನುಡಿದರು, "ಪುಟ್ಟಿ."

ಅರ್ಧ ಗಂಟೆ ಮುಂಚೆ ಬರುತ್ತಿದ್ದಳಂತೆ. ಯೂನಿಫಾರಂ ಮೇಲೆ ಅಪ್ಪನ ಹಳೆಯ ಕೋಟು ಹಾಕಿಕೊಂಡು, ಯಾರೂ ಬರುವ ಮೊದಲು ಎರಡೂ ಎಂಜಿನ್ನಿಗೆ ಒಂಬತ್ತೊಂಬತ್ತು ಬ್ಲೇಡ್ ತಿರುಗಿಸಿ, ಕೈ ತೊಳೆದು, ಏನೂ ಗೊತ್ತಿಲ್ಲದವಳ ಹಾಗೆ ಕ್ಯಾಪ್ಟನ್ ಆಗಿ ಹೊರಗಿನಿಂದ ಮತ್ತೊಮ್ಮೆ ನಡೆದು ಬರುತ್ತಿದ್ದಳಂತೆ. "ಗುಡ್ ಮಾರ್ನಿಂಗ್ ಮೇಸ್ತ್ರಿ, ಎಲ್ಲ ರೆಡಿನಾ?" ಅಂತ ಎಲ್ಲರೆದುರು ಕೇಳುತ್ತಿದ್ದಳಂತೆ. ಹೇಳುವಾಗ ಮೇಸ್ತ್ರಿಯ ತುಟಿಯಲ್ಲಿ ನಗು ಬಂತು, ಬಂದ ಹಾಗೇ ಮುಖ ಕಿವುಚಿಕೊಂಡಿತು. ಬಟ್ಟೆಯಿಂದ ಮುಖ ಮುಚ್ಚಿಕೊಂಡು ಅತ್ತರು. ಅವರು ಅಳುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ.

"ಅವಳೇ ಹಿಂದಕ್ಕೆ ತಳ್ಳಿರ್ಬೇಕು" ಎಂದರು ಬಟ್ಟೆಯೊಳಗಿಂದ. "ಅದಕ್ಕೇ ನನ್ನ ಹೆಸರು ಬರಿ ಅಂದಿದ್ದು. ಸತ್ತ ಮಗಳ ಮೇಲೆ ಹಾಕ್ಬೇಡ."

ನಂಬಿಬಿಡೋಣ ಅನ್ನಿಸಿತು. ನಂಬಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಹಾಳು ಅಭ್ಯಾಸ, ಕೈ ಜೇಬಿಗೆ ಹೋಯಿತು. ಫೋನ್ ತೆಗೆದು ಅವರ ಮುಂದೆ ಹಿಡಿದೆ.

ಪುಟ್ಟಿಯ ಮೆಸೇಜು. ಆ ಶುಕ್ರವಾರದ್ದು, ಬೆಳಿಗ್ಗೆ ಒಂಬತ್ತೂವರೆಗೆ. 'ಮಾಮ, ಪಾಸಾದೆ. ಪರೀಕ್ಷಕರು ಮಾತುಮಾತಿಗೂ ಆದರೆ ಅಂತಿದ್ರು. ನಿಮ್ಮ ತಮ್ಮನೇ ಇರಬೇಕು.'

"ಆರು ತಿಂಗಳಿಗೊಮ್ಮೆ ಕೊಡೋ ಪೈಲಟ್ ಪರೀಕ್ಷೆಗೆ ಹೋಗಿದ್ಲು" ಎಂದೆ. "ಹಿಂದಿನ ದಿನ ಗುರುವಾರ ಸಂಜೆಯೇ ಹೊರಟು ಶುಕ್ರವಾರ ರಾತ್ರಿ ಬಂದಳು. ಶುಕ್ರವಾರ ವಿಮಾನ ಹಾರಿಸಿದ್ದು ಬೇರೆ ಕ್ಯಾಪ್ಟನ್. ಪುಟ್ಟಿ ಈ ಊರಲ್ಲೇ ಇರ್ಲಿಲ್ಲ ಮೇಸ್ತ್ರಿ. ಅದು ನಿಮಗೂ ಗೊತ್ತು."

ಅವರು ಬಟ್ಟೆ ಕೆಳಗಿಳಿಸಿದರು.

ಚೀಲದಿಂದ ಕ್ಯಾನ್ವಾಸ್ ಟೋಪಿ ತೆಗೆದು ಪಕ್ಕದ ಬೆಂಚಿನ ಮೇಲಿಟ್ಟೆ. "ಪುಟ್ಟಿ ನಿಮ್ಮಷ್ಟೇ ಎತ್ತರ. ಅವಳಿಗೆ ಹಗ್ಗ ಬೇಕಾಗಿರ್ಲಿಲ್ಲ. ಕೈಯೂ ನಿಮ್ಮಷ್ಟೇ ದೊಡ್ಡದು, ಕಂಪನಿ ಕೊಟ್ಟ ಗ್ಲೌಸ್ ಹಿಡಿಸದೆ ನಿಮ್ಮ ಗ್ಲೌಸ್ ಹಾಕ್ಕೊತಿದ್ಲು. ಈ ಕುಣಿಕೆ ನೋಡಿ. ನನ್ನ ಕೈಯೇ ಹೋಗಲ್ಲ. ಯಾರ ಕೈ ಇದು?"

"ಬಿಟ್ಬಿಡೋ."

"ಯಾರ ಕೈ?"

"ನಿನ್ನ ಕಾಲಿಗೆ ಬೀಳ್ತೀನಿ ಕಣೋ. ಬಿಟ್ಬಿಡು." ನಿಜಕ್ಕೂ ಪೆಟ್ಟಿಗೆಯಿಂದ ಜಾರಿದರು. ಹಿಡಿದುಕೊಂಡೆ. ಅವರ ಎಡಗೈ ನನ್ನ ಅಂಗಿಯನ್ನು ಬಿಗಿಯಾಗಿ ಹಿಡಿದಿತ್ತು. "ನಾನು ಲೇಟಾಗಿ ಬಂದೆ ಅವತ್ತು. ತಿರುಗಿಸಿ ಆಗಿತ್ತು. ನಾನು ಏನೂ ಕೇಳ್ಲಿಲ್ಲ. ಸಿಕ್ಕಿಕೊಂಡಿತಾ ಅಂತ ಒಂದು ಮಾತು ಕೇಳ್ಲಿಲ್ಲ. ಸಹಿ ಹಾಕ್ದೆ. ಊರಿಗೆಲ್ಲ ಆ ಪಾಠ ಹೇಳ್ದೆ, ಹೇಳ್ಬೇಕಾದ ಕಡೆ ಹೇಳ್ಲಿಲ್ಲ. ತಪ್ಪು ನಂದೇ. ಸುಳ್ಳಲ್ಲ ಅದು. ನನ್ನ ಹೆಸರು ಬರೆದು ಕೈ ತೊಳ್ಕೋ."

ಆಗ ಅರ್ಥವಾಯಿತು. ಅರ್ಥವಾದದ್ದು ಬೇಡವಾಗಿತ್ತು.

ಆ ಮನೆಯಲ್ಲಿ ಒಂದು ಕರಾರು ಇತ್ತು. ನನಗೆ ಚೆನ್ನಾಗಿ ಗೊತ್ತು, ಎಷ್ಟೋ ವರ್ಷ ಅಲ್ಲೇ ಊಟ ಮಾಡಿದವನು. ಹ್ಯಾಂಗರಿನ ಮಾತು ಹೊಸ್ತಿಲು ದಾಟಿ ಒಳಗೆ ಬರಕೂಡದು. ಇವರ ಎಂಜಿನ್ ಇವರದು, ಅವಳ ಬಲೆ ಅವಳದು. ಮಗಳು ವಿಮಾನ ಹತ್ತಿದ ಮೇಲೆ ಆ ಕರಾರು ಇನ್ನೂ ಬಿಗಿಯಾಯಿತು. ಹೆದರಿಕೆ ಊಟದ ತಟ್ಟೆಗೆ ಬರಬಾರದು ಅಂತ.

"ಅಕ್ಕನಿಗೆ ಗೊತ್ತಾ?" ಎಂದೆ.

"ಗೊತ್ತಿಲ್ಲ. ಗೊತ್ತಾದ ದಿನ ಅವಳು ಉಳಿಯಲ್ಲ."

"ಏನು ಗೊತ್ತಿಲ್ಲ?"

ಹ್ಯಾಂಗರಿನ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ನೀರಿನ ಬಾಟಲಿ. ಚಪ್ಪಲಿ ಎಳೆದುಕೊಂಡು ನಡೆದು ಬಂದಳು. ಇಷ್ಟು ದಿನದಲ್ಲಿ ಮೊದಲ ಸಲ ತಲೆ ಬಾಚಿಕೊಂಡಿದ್ದಳು.

"ಮೂರು ಗಂಟೆ ದಾಟ್ತು. ಇಬ್ಬರಿಗೂ ಹೊಟ್ಟೆ ಅನ್ನೋದು ಇಲ್ವಾ? ಇವತ್ತು ಒಲೆ ಹಚ್ಚಿದೆ ಕಣೋ. ನೀನು ನಿನ್ನೆ ಮಾತು ಕೊಟ್ಟೆಯಲ್ಲ, ಸ್ವಲ್ಪ ಧೈರ್ಯ ಬಂತು." ಗಂಡನ ಮುಖ ನೋಡಿದಳು. "ಮತ್ತೆ ಅತ್ತಿರಾ? ಅಳಬೇಡ್ರೀ. ಇವನಿದ್ದಾನೆ. ಇವನಿಗೆ ಸುಳ್ಳು ಹೇಳೋಕೆ ಬರಲ್ಲ. ಪುಟ್ಟಿ ತಪ್ಪಲ್ಲ ಅಂತ ಇವನು ಬರೆದ್ರೆ ಲೋಕ ನಂಬುತ್ತೆ."

ಡಬ್ಬಿ ಇಡಲು ಬೆಂಚಿನ ಕಡೆ ತಿರುಗಿದಳು. ಅಲ್ಲಿ ಟೋಪಿ ಬಿದ್ದಿತ್ತು. ಎತ್ತಿ ಬಚ್ಚಿಡಬೇಕು ಅಂತ ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು.

"ಅಯ್ಯೋ, ಇದು ನಿನ್ನ ಹತ್ರ ಇತ್ತಾ? ಹುಡುಕಿ ಹುಡುಕಿ ಸಾಕಾಯ್ತು ನನಗೆ."

ಡಬ್ಬಿ ಕೆಳಗಿಟ್ಟು ಟೋಪಿ ಕೈಗೆತ್ತಿಕೊಂಡಳು. ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿದಳು, ಕೆಲಸದವರು ತಮ್ಮ ಕೆಲಸ ನೋಡುವ ಹಾಗೆ. ಆಮೇಲೆ ಯೋಚನೆಯೇ ಇಲ್ಲದೆ ಬಲಗೈಯನ್ನು ಕುಣಿಕೆಯೊಳಗೆ ತೂರಿಸಿದಳು. ಸಲೀಸಾಗಿ ಹೋಯಿತು. ಮಣಿಕಟ್ಟಿನ ತನಕ.

ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು.

"ಇವರ ಭುಜದ ವಿಷಯ ಹೇಳಿದ್ರಾ ನಿನಗೆ?" ಎಂದಳು ಅಕ್ಕ. "ಹೇಳಿದ್ರು ಅಂತ ಕಾಣುತ್ತೆ. ಒಳ್ಳೇದಾಯ್ತು. ಪುಟ್ಟಿ ಇಲ್ಲದ ದಿನ ಏನ್ರೀ ಮಾಡ್ತೀರಿ ಅಂತ ನಾನೇ ಇದನ್ನ ಹೊಲಿದೆ. ಒಂದೇ ಸಲ ಉಪಯೋಗಕ್ಕೆ ಬಂದಿದ್ದು, ಅವಳು ಪರೀಕ್ಷೆಗೆ ಹೋದಳಲ್ಲ, ಆಗ. ಇವರು ಬರೋ ಮುಂಚೆ ನಾನೇ ಎಲ್ಲ ತಿರುಗಿಸಿಟ್ಟಿದ್ದೆ." ಅವಳ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು. "ಎಡಗಡೇದು ಐದನೇ ಬ್ಲೇಡಿಗೆ ಸಿಕ್ಕಿಕೊಂಡು ಸತಾಯಿಸ್ತು ನೋಡು. ಜಗ್ಗಿದ್ರೂ ಬರ್ಲಿಲ್ಲ. ಬಲೆಯ ಗಂಟು ಸಿಕ್ಕಿಕೊಂಡ್ರೆ ಮುಂದಕ್ಕೆ ಎಳೀಬಾರದು, ಒಂಚೂರು ಹಿಂದಕ್ಕೆ ಬಿಟ್ಟು ಎಳೀಬೇಕು. ಹಾಗೇ ಮಾಡ್ದೆ. ಆ ಕಡೆ ಹೋಗಿ ನಿಂತು ಒಂದು ಸಲ ಹಿಂದಕ್ಕೆ ಎಳೆದೆ. ಆಮೇಲೆ ಬೆಣ್ಣೆ ಹಾಗೆ ಬಂತು."

ಛಾವಣಿಯ ತಗಡು ಮತ್ತೆ ಟಕ್ಕೆಂದಿತು.

"ಅದಿರಲಿ ಬಿಡು" ಎಂದಳು, ಕುಣಿಕೆಯಿಂದ ಕೈ ತೆಗೆಯದೆ ನನ್ನ ಹತ್ತಿರ ಬಂದು. "ಐದು ಗಂಟೆಗೆ ಬರೀಬೇಕಂತೆ, ಮ್ಯಾನೇಜರ್ ಸಿಕ್ಕಿದ್ದ. ಯಾರು ಅಂತ ಗೊತ್ತಾಯ್ತಾ? ನನ್ನ ಮುಂದೆ ತಂದು ನಿಲ್ಲಿಸ್ತೀನಿ ಅಂದಿದ್ದೆ ನೀನು."

"ಆದರೆ..." ಎಂದೆ.

ಅಷ್ಟೇ. ನನ್ನ ಅಂಗಿ ಹಿಡಿದಿದ್ದ ಮೇಸ್ತ್ರಿಯ ಕೈ ಇನ್ನೂ ಬಿಟ್ಟಿರಲಿಲ್ಲ, ಅದು ಬೇಡ ಬೇಡ ಅನ್ನುವ ಹಾಗೆ ಎಳೆಯುತ್ತಿತ್ತು.

ಅಕ್ಕ ನನ್ನನ್ನು ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಅವಳ ಮುಖದ ಮೇಲಿದ್ದ ಆ ಸ್ವಲ್ಪ ಧೈರ್ಯ ಮೆಲ್ಲಗೆ ಇಳಿಯತೊಡಗಿತು.

"ಯಾಕೆ?" ಎಂದಳು. "ಇಬ್ಬರೂ ಯಾಕೆ ನನ್ನ ಕೈ ನೋಡ್ತಿದ್ದೀರಿ?"